ಅಮೆರಿಕದ ಥೀಮ್ ಪಾರ್ಕಿನಲ್ಲಿ ರಜೆಯ ಕೆಲಸ: ಉತ್ತರ ಕನ್ನಡದ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿರಸಿ ಹತ್ತಿರದ ಹಳ್ಳಿಯವಳು. ಡಿಗ್ರಿ ಓದುವಾಗ ಒಂದು ಬೇಸಿಗೆ ಅಮೆರಿಕದ ದೊಡ್ಡ ಪಾರ್ಕೊಂದರಲ್ಲಿ ಕೆಲಸ ಮಾಡಿ ಬಂದೆ. ಈಗ ಕಾರವಾರದಲ್ಲಿದ್ದೇನೆ. ಪ್ರತಿ ವರ್ಷ ದೀಪಾವಳಿ ಮುಗಿದ ಕೂಡಲೇ ಕುಮಟಾ, ಹೊನ್ನಾವರ, ಅಂಕೋಲಾ, ಸಿದ್ದಾಪುರ ಕಡೆಯ ಹುಡುಗ ಹುಡುಗಿಯರು ಫೋನ್ ಮಾಡಲು ಶುರು ಮಾಡುತ್ತಾರೆ. ಹೆಚ್ಚುಕಡಿಮೆ ಎಲ್ಲರೂ ಕೇಳುವುದು ಇವೇ ಪ್ರಶ್ನೆ. ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೇನೆ.

ಎಲ್ಲರೂ ಹೇಳುವ ಡಿಸ್ನಿ ಕಾಲೇಜ್ ಪ್ರೋಗ್ರಾಂ ಅಂದರೆ ಇದೇನಾ?

ಅಲ್ಲ. ಇಲ್ಲೇ ಜಾಸ್ತಿ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಡಿಸ್ನಿ ಕಾಲೇಜ್ ಪ್ರೋಗ್ರಾಂ, ಅಂದರೆ ಡಿಸ್ನಿ ಕಂಪನಿ ತನ್ನ ಪಾರ್ಕುಗಳಲ್ಲಿ ವಿದ್ಯಾರ್ಥಿಗಳಿಗೆ ಕೊಡುವ ಕೆಲಸ, ಮುಖ್ಯವಾಗಿ ಅಮೆರಿಕದ ಕಾಲೇಜುಗಳಲ್ಲಿ ಓದುತ್ತಿರುವವರಿಗೆ ಇರುವುದು. ಇಲ್ಲಿನ ಕಾಲೇಜಿನಲ್ಲಿ ಬಿಎ, ಬಿಕಾಂ, ಬಿಎಸ್ಸಿ, ಬಿಇ ಓದುವವರಿಗೆ ಇರುವ ದಾರಿ ಬೇರೆ. ಅದರ ಹೆಸರು ಸಮ್ಮರ್ ವರ್ಕ್ ಟ್ರಾವೆಲ್. ಜೆ-1 ಎನ್ನುವ ವೀಸಾದಡಿ ಅಮೆರಿಕ ಸರ್ಕಾರದ ವಿದೇಶಾಂಗ ಇಲಾಖೆ ಇದನ್ನು ನಡೆಸುತ್ತದೆ. ರಜೆಯಲ್ಲಿ ಹೋಗಿ, ಗರಿಷ್ಠ 4 ತಿಂಗಳು ಕೆಲಸ ಮಾಡಿ, ವಾಪಸ್ ಬಂದು ಓದು ಮುಂದುವರಿಸಬೇಕು. ಥೀಮ್ ಪಾರ್ಕು, ವಾಟರ್ ಪಾರ್ಕು, ರೆಸಾರ್ಟುಗಳು ಈ ದಾರಿಯಲ್ಲಿ ಹೊರದೇಶದ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತವೆ. ಅಲ್ಲಿ ಬೇಸಿಗೆಯಲ್ಲಿ ಜನ ತುಂಬಿ ತುಳುಕುತ್ತಾರೆ, ಕೈ ಸಾಲುವುದಿಲ್ಲ.

ಯಾರು ಅರ್ಜಿ ಹಾಕಬಹುದು?

ಪಿಯುಸಿ ಮುಗಿಸಿ ಕಾಲೇಜಿನಲ್ಲಿ ಪೂರ್ಣಾವಧಿ ಓದುತ್ತಿರಬೇಕು. ಕನಿಷ್ಠ ಒಂದು ಸೆಮಿಸ್ಟರ್ ಮುಗಿದಿರಬೇಕು. ತರಗತಿಗೆ ಹೋಗಿ ಕಲಿಯುವ ಕೋರ್ಸ್ ಆಗಿರಬೇಕು, ದೂರಶಿಕ್ಷಣ ನಡೆಯುವುದಿಲ್ಲ. ಮಾತಾಡುವಷ್ಟು ಇಂಗ್ಲಿಷ್ ಬೇಕು. ಓದುತ್ತಿರುವ ವಿಷಯ ಯಾವುದಾದರೂ ಆಗಬಹುದು. ಹೊಟೇಲ್ ಮ್ಯಾನೇಜ್‌ಮೆಂಟ್ ಓದಿರಲೇಬೇಕು ಎನ್ನುವುದು ಸುಳ್ಳು.

ಪಾಸ್‌ಪೋರ್ಟ್ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಆಧಾರ್, ಎಸ್ಎಸ್ಎಲ್‌ಸಿ ಅಂಕಪಟ್ಟಿ, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು ಒಂದೇ ತರ ಇರಲಿ. ನಮ್ಮ ಕಡೆ ಒಂದರಲ್ಲಿ ಅಪ್ಪನ ಹೆಸರು, ಇನ್ನೊಂದರಲ್ಲಿ ಮನೆತನದ ಹೆಸರು, ಮತ್ತೊಂದರಲ್ಲಿ ಬರೀ ಇನಿಷಿಯಲ್ ಇರುತ್ತದೆ. ಇದನ್ನು ಸರಿ ಮಾಡಿಸುವುದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ.

ನಮ್ಮ ಕಾಲೇಜಿನ ರಜೆ ಯಾವಾಗ ಎನ್ನುವುದೇ ಗೊತ್ತಿಲ್ಲ. ಏನು ಮಾಡಲಿ?

ನನ್ನ ಪ್ರಕಾರ ಇಡೀ ವಿಷಯದಲ್ಲಿ ಕಷ್ಟದ್ದು ಇದೇ. ಸಂದರ್ಶನ ಅಲ್ಲ, ವೀಸಾ ಅಲ್ಲ, ಕಾಲೇಜಿನ ಕ್ಯಾಲೆಂಡರ್.

ನಿಯಮ ಸ್ಪಷ್ಟವಾಗಿದೆ. ನಿಮ್ಮ ಕಾಲೇಜಿನ ಮುಖ್ಯ ಬೇಸಿಗೆ ರಜೆಯಲ್ಲೇ ಕೆಲಸ ಮಾಡಬೇಕು. ತರಗತಿ ತಪ್ಪಿಸಿ ಹೋಗುವಂತಿಲ್ಲ. ಆದರೆ ನಮ್ಮಲ್ಲಿ ಪರೀಕ್ಷೆ ಮುಂದೆ ಹೋಗುತ್ತದೆ, ರಜೆ ಕಡಿಮೆಯಾಗುತ್ತದೆ, ಮುಂದಿನ ಸೆಮಿಸ್ಟರ್ ಬೇಗ ಶುರುವಾಗಿಬಿಡುತ್ತದೆ. ಪಾರ್ಕಿನವರಿಗೆ ಮಾತ್ರ ಜೂನ್, ಜುಲೈ, ಆಗಸ್ಟ್ ತಿಂಗಳೇ ಬೇಕು. ನಮ್ಮ ರಜೆ ಮುಗಿಯುವಾಗ ಅವರ ಸೀಸನ್ ಏರುತ್ತಿರುತ್ತದೆ.

ಅದಕ್ಕೆ ನಾನು ಹೇಳುವುದು ಇಷ್ಟು. ಅರ್ಜಿ ಹಾಕುವ ಮೊದಲೇ ಪ್ರಾಂಶುಪಾಲರ ಹತ್ತಿರ ಹೋಗಿ. ಲೆಟರ್‌ಹೆಡ್ ಮೇಲೆ ಒಂದು ಪತ್ರ ಕೇಳಿ: ನೀವು ಪೂರ್ಣಾವಧಿ ವಿದ್ಯಾರ್ಥಿ, ರಜೆ ಇಂಥ ದಿನದಿಂದ ಇಂಥ ದಿನದವರೆಗೆ, ರಜೆ ಮುಗಿದ ಮೇಲೆ ವಾಪಸ್ ಬರಬೇಕು. ಸ್ಪಾನ್ಸರ್‌ಗೂ (ನಿಮ್ಮನ್ನು ಈ ಕಾರ್ಯಕ್ರಮಕ್ಕೆ ಸೇರಿಸಿಕೊಳ್ಳುವ ಅಮೆರಿಕದ ಸಂಸ್ಥೆ) ವೀಸಾ ಅಧಿಕಾರಿಗೂ ಈ ಪತ್ರವೇ ಆಧಾರ. ತಾರೀಖು ಹೊಂದದಿದ್ದರೆ ಆ ವರ್ಷ ಬಿಟ್ಟುಬಿಡಿ. ಸುಳ್ಳು ತಾರೀಖು ಬರೆಸಿಕೊಂಡು ಹೋಗಬೇಡಿ, ಅದು ಒಂದು ಸಲ ಸಿಕ್ಕಿಬಿದ್ದರೆ ಮುಂದೆ ಎಂಎಸ್ ಓದಲು ಹೋಗುವಾಗಲೂ ಕಾಡುತ್ತದೆ. ಕೊನೆಯ ವರ್ಷದವರಿಗೆ ಸ್ವಲ್ಪ ಅನುಕೂಲ ಇದೆ. ಓದು ಮುಗಿದ ತಕ್ಷಣದ ಬೇಸಿಗೆಯಲ್ಲೂ ಹೋಗಬಹುದು, ಆದರೆ ವಿದ್ಯಾರ್ಥಿಯಾಗಿರುವಾಗಲೇ ಅರ್ಜಿ ಹಾಕಿರಬೇಕು.

ಒಬ್ಬ ಏಜೆಂಟ್ ಮುಂಗಡ ಕೇಳುತ್ತಿದ್ದಾರೆ. ಕೊಡಬಹುದಾ?

ಸದ್ಯ ಒಂದು ರೂಪಾಯಿಯನ್ನೂ ಕೊಡಬೇಡಿ.

ಈ ಕಾರ್ಯಕ್ರಮದಲ್ಲಿ ಸ್ಪಾನ್ಸರ್ ಅಂದರೆ ಅಮೆರಿಕ ಸರ್ಕಾರ ಒಪ್ಪಿಗೆ ಕೊಟ್ಟ ಸಂಸ್ಥೆ. ಪಾರ್ಕ್ ಬೇರೆ, ಸ್ಪಾನ್ಸರ್ ಬೇರೆ, ಊರಿನ ಏಜೆಂಟ್ ಬೇರೆ. ಯಾವ ಸಂಸ್ಥೆಗೆ ಒಪ್ಪಿಗೆ ಇದೆ ಎನ್ನುವ ಪಟ್ಟಿ ವಿದೇಶಾಂಗ ಇಲಾಖೆಯ ಜೆ-1 ವೆಬ್‌ಸೈಟಿನಲ್ಲೇ ಸಿಗುತ್ತದೆ. ಏಜೆಂಟರ ಹತ್ತಿರ ಸ್ಪಾನ್ಸರ್ ಯಾರು ಎಂದು ಕೇಳಿ. ಹೆಸರು ಹೇಳಿದರೆ ಆ ಪಟ್ಟಿಯಲ್ಲಿ ಹುಡುಕಿ. ಆಮೇಲೆ ಸ್ಪಾನ್ಸರ್‌ಗೇ ನೇರ ಇಮೇಲ್ ಮಾಡಿ, ಈ ಏಜೆಂಟ್ ನಿಮ್ಮವರಾ ಎಂದು ಕೇಳಿ. ಭಾರತದಿಂದ ಹೋಗುವವರು ಹೊರಡುವ ಮೊದಲೇ ಕೆಲಸ ಗೊತ್ತಾಗಿರಬೇಕು. ‘ಅಲ್ಲಿ ಹೋದ ಮೇಲೆ ಕೆಲಸ ಹುಡುಕಿಕೊಡ್ತೇವೆ’ ಎಂದರೆ ಅಲ್ಲಿಗೇ ಎದ್ದು ಬನ್ನಿ.

ಮೊದಲ ವರ್ಷ ನನ್ನಿಂದಲೂ ಒಬ್ಬರು ದುಡ್ಡು ತೆಗೆದುಕೊಂಡಿದ್ದರು. ಬಸ್ಸಿನಲ್ಲಿ ನಾಲ್ಕು ಸಲ ಹುಬ್ಬಳ್ಳಿಗೆ ಅಲೆದೆ. ಕೊನೆಗೆ ಕಚೇರಿಗೆ ಬೀಗ ಬಿದ್ದಿತ್ತು. ಆ ದುಡ್ಡು ಅಪ್ಪಯ್ಯ ಅಡಿಕೆ ಮಾರಿ ಕೊಟ್ಟದ್ದು. ಇದನ್ನು ಬರೆಯುವಾಗ ಈಗಲೂ ಸಂಕಟವಾಗುತ್ತದೆ. ನಿಮಗೆ ಹಾಗಾಗಬಾರದು.

ಅಲ್ಲಿ ಯಾವ ಕೆಲಸ ಕೊಡುತ್ತಾರೆ?

ರೈಡ್ ನಡೆಸುವುದು, ಟಿಕೆಟ್ ನೋಡುವುದು, ತಿಂಡಿ ಅಂಗಡಿ, ಆಟಿಕೆ ಅಂಗಡಿ, ಕಸ ಗುಡಿಸುವುದು, ಪಾರ್ಕಿಂಗ್, ವಾಟರ್ ಪಾರ್ಕಿನಲ್ಲಿ ಲೈಫ್‌ಗಾರ್ಡ್. ದಿನವಿಡೀ ನಿಂತೇ ಇರಬೇಕು. ಬಿಸಿಲು ಜೋರು. ಗುಡಿಸುವ ಕೆಲಸ ಕೊಟ್ಟರೆ ಬೇಸರ ಮಾಡಿಕೊಳ್ಳಬೇಡಿ. ಒಂದೇ ಕಡೆ ನಿಂತಿರದೆ ಪಾರ್ಕ್ ಪೂರ್ತಿ ಓಡಾಡುತ್ತ, ದಾರಿ ಕೇಳುವವರ ಜೊತೆ ಮಾತಾಡುವ ಅವಕಾಶ ಅವರಿಗೇ ಜಾಸ್ತಿ.

ಕರಾವಳಿಯ ಹುಡುಗರು ಲೈಫ್‌ಗಾರ್ಡ್ ಕೆಲಸಕ್ಕೆ ಧೈರ್ಯವಾಗಿ ಹಾಕಿ. ಆದರೆ ಸಮುದ್ರದಲ್ಲಿ ಈಜಿ ಬೆಳೆದವರೂ ಅಲ್ಲಿನ ಈಜು ಪರೀಕ್ಷೆ, ತರಬೇತಿ ಎರಡನ್ನೂ ಪಾಸ್ ಮಾಡಲೇಬೇಕು.

ಕೆಲವು ಕೆಲಸಗಳಿಗೆ ಈ ವೀಸಾದಲ್ಲಿ ನಿಷೇಧ ಇದೆ. ಮನೆಕೆಲಸ, ಹೆಚ್ಚಿನ ಹೊತ್ತು ರಾತ್ರಿ 10ರಿಂದ ಬೆಳಗ್ಗೆ 6ರೊಳಗೆ ಬೀಳುವ ಪಾಳಿ, ಊರೂರು ತಿರುಗುವ ಮೇಳಗಳ ಕೆಲಸ ಇವೆಲ್ಲ ಆ ಪಟ್ಟಿಯಲ್ಲಿವೆ. ಮಾರಿಕಾಂಬಾ ಜಾತ್ರೆಗೆ ಬರುವ ತೊಟ್ಟಿಲು, ತಿರುಗುವ ಕುದುರೆ ನೋಡಿದ್ದೀರಲ್ಲ, ಅಂಥ ಸಂಚಾರಿ ಮೇಳಕ್ಕೆ ಅಮೆರಿಕದಲ್ಲೂ ನಿಮ್ಮನ್ನು ಕಳಿಸುವಂತಿಲ್ಲ. ಒಂದೇ ಕಡೆ ನೆಲೆ ನಿಂತ ಪಾರ್ಕ್ ಆಗಿರಬೇಕು.

ನನಗೆ ಅನುಭವವೇ ಇಲ್ಲ. ಬಯೋಡೇಟಾದಲ್ಲಿ ಏನು ಬರೆಯಲಿ?

ಎಲ್ಲರೂ ಹೀಗೇ ಹೇಳುತ್ತಾರೆ. ನಾನು ಒಂದಿಷ್ಟು ಕೇಳುತ್ತೇನೆ, ಉತ್ತರ ಕೊಡಿ. ಮನೆಯ ಉಪನಯನದಲ್ಲಿ, ಮದುವೆಯಲ್ಲಿ ಪಂಕ್ತಿಗೆ ಬಡಿಸಿಲ್ವಾ? ಒಂದೊಂದು ಪಂಕ್ತಿಯಲ್ಲಿ ನೂರು ನೂರೈವತ್ತು ಎಲೆ, ಯಾರಿಗೂ ಕಡಿಮೆ ಆಗದಂತೆ, ಬಿಸಿ ಸಾರು ಯಾರ ಕೈಮೇಲೂ ಚೆಲ್ಲದಂತೆ. ಅದು ಊಟದ ವಿಭಾಗದ ಕೆಲಸ. ಗೋಕರ್ಣದಲ್ಲಿ ಮಾವನ ಅಂಗಡಿಯಲ್ಲಿ ಕೂತು ಹೊರದೇಶದವರಿಗೆ ಸಾಮಾನು ಕೊಟ್ಟಿಲ್ವಾ? ಅದು ಮಾರಾಟ. ಮುರ್ಡೇಶ್ವರದಲ್ಲಿ, ಯಾಣದಲ್ಲಿ ಬಂದವರಿಗೆ ದಾರಿ ತೋರಿಸಿದ್ದು, ದಾಂಡೇಲಿಯಲ್ಲಿ ರಾಫ್ಟಿಂಗ್‌ಗೆ ಬಂದವರಿಗೆ ಲೈಫ್ ಜಾಕೆಟ್ ಕಟ್ಟಿದ್ದು, ಕಾಲೇಜಿನ ಎನ್ಎಸ್ಎಸ್ ಶಿಬಿರದಲ್ಲಿ ಅಡುಗೆ ಮಾಡಿದ್ದು, ಸಮುದ್ರ ದಂಡೆ ಸ್ವಚ್ಛ ಮಾಡಿದ್ದು, ಎಲ್ಲವೂ ಅನುಭವವೇ.

ಆದರೆ ಸುಮ್ನೆ ‘ಸ್ವಯಂಸೇವಕ’ ಎಂದು ಬರೆದು ಬಿಡಬೇಡಿ. ಎಷ್ಟು ದಿನ, ಎಷ್ಟು ಜನ, ನೀವು ಮಾಡಿದ್ದೇನು ಎಂದು ಬರೆಯಿರಿ. ಒಂದೇ ಪುಟ ಸಾಕು. ಅಲ್ಲಿನ ಬಯೋಡೇಟಾದಲ್ಲಿ ಫೋಟೋ, ಜಾತಿ, ಅಪ್ಪನ ಉದ್ಯೋಗ, ಮದುವೆ ಆಗಿದೆಯೋ ಇಲ್ಲವೋ, ಇದ್ಯಾವುದೂ ಬೇಡ.

ಸಂದರ್ಶನದಲ್ಲಿ ಏನು ಕೇಳುತ್ತಾರೆ?

ಸಾಮಾನ್ಯವಾಗಿ ಎರಡು ಸಲ ಮಾತುಕತೆ ಇರುತ್ತದೆ. ಮೊದಲು ಸ್ಪಾನ್ಸರ್ ನಿಮ್ಮ ಇಂಗ್ಲಿಷ್ ನೋಡಲು ವಿಡಿಯೋದಲ್ಲಿ ಮಾತಾಡಿಸುತ್ತಾರೆ. ಆಮೇಲೆ ಪಾರ್ಕಿನವರು. ಪುಸ್ತಕದ ಪ್ರಶ್ನೆ ಕೇಳುವುದಿಲ್ಲ. ಜನರ ಜೊತೆ ನೀವು ಹೇಗಿರುತ್ತೀರಿ ಎನ್ನುವುದೊಂದೇ ಅವರಿಗೆ ಬೇಕಾದದ್ದು.

ಮೊದಲ ಸಲ ನನಗೆ ಕೆಲಸ ಸಿಗಲಿಲ್ಲ. ಯೂಟ್ಯೂಬ್ ನೋಡಿ ಉತ್ತರ ಬಾಯಿಪಾಠ ಮಾಡಿದ್ದೆ. ‘ನಾನು ಕಷ್ಟಪಟ್ಟು ದುಡಿಯುವವಳು, ಸವಾಲು ಅಂದರೆ ಇಷ್ಟ, ಎಲ್ಲರ ಜೊತೆ ಹೊಂದಿಕೊಳ್ಳುತ್ತೇನೆ.’ ಎದುರಿಗಿದ್ದ ಹೆಂಗಸು ನಗುತ್ತಲೇ ಕೇಳಿದರು: ಒಂದು ಉದಾಹರಣೆ ಹೇಳಿ. ನನ್ನ ಹತ್ತಿರ ಇರಲಿಲ್ಲ. ಅಲ್ಲಿಗೆ ಮುಗಿಯಿತು.

ಮರುವರ್ಷ ಇನ್ನೊಂದು ಪಾರ್ಕಿನವರು ಕೇಳಿದರು: ಗುರುತಿಲ್ಲದವರಿಗೆ ಸಹಾಯ ಮಾಡಿದ ಒಂದು ಸಂದರ್ಭ ಹೇಳಿ. ಈ ಸಲ ಬಾಯಿಪಾಠ ಇರಲಿಲ್ಲ. ಮಾರಿಕಾಂಬಾ ಜಾತ್ರೆಯ ನೆನಪು ಬಂತು. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆ, ಗದ್ದುಗೆಯ ಹತ್ತಿರ ಕಾಲಿಡಲು ಜಾಗ ಇರುವುದಿಲ್ಲ. ಬಳೆ ಅಂಗಡಿ ಸಾಲಿನಲ್ಲಿ ನಾಲ್ಕೈದು ವರ್ಷದ ಹುಡುಗ ಅಳುತ್ತ ನಿಂತಿದ್ದ. ನಾನು ಅವನೆದುರು ಕುಳಿತೆ, ನಿಂತು ಮಾತಾಡಿಸಲಿಲ್ಲ. ಹೆಸರು ಕೇಳಿದೆ. ಅವನನ್ನು ದೂರ ಕರೆದುಕೊಂಡು ಹೋಗಲಿಲ್ಲ, ಅಲ್ಲೇ ಅಂಗಡಿಯವರ ಹತ್ತಿರ ನಿಲ್ಲಿಸಿಕೊಂಡು, ಗೆಳತಿಯನ್ನು ಮೈಕಿನವರ ಕಡೆ ಓಡಿಸಿದೆ. ಹತ್ತು ನಿಮಿಷದಲ್ಲಿ ಅವನ ಆಯಿ ಬಂದರು. ಇಷ್ಟನ್ನೇ ಹರುಕುಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಯಾಕೆ ಅಲ್ಲೇ ನಿಂತಿರಿ ಎಂದು ಅವರು ಕೇಳಿದರು. ಆಯಿ ಹುಡುಕುತ್ತ ಅಲ್ಲಿಗೇ ವಾಪಸ್ ಬರುತ್ತಾರಲ್ಲ ಎಂದೆ. ಕೆಲಸ ಸಿಕ್ಕಿತು. ಪಾರ್ಕಿಗೆ ಹೋದ ಮೇಲೆ ಗೊತ್ತಾಯಿತು, ಮಕ್ಕಳು ತಪ್ಪಿಸಿಕೊಳ್ಳುವುದು ಅಲ್ಲಿ ದಿನನಿತ್ಯದ ಮಾತು.

ಅದಕ್ಕೆ ಸಂದರ್ಶನಕ್ಕೆ ಮೊದಲು ನಿಮ್ಮದೇ ಬದುಕಿನ ನಾಲ್ಕೈದು ಘಟನೆ ಹುಡುಕಿಟ್ಟುಕೊಳ್ಳಿ. ಸಿಟ್ಟಾದವರನ್ನು ಸಮಾಧಾನ ಮಾಡಿದ್ದು, ತಪ್ಪು ಮಾಡಿ ಸರಿಪಡಿಸಿದ್ದು, ಬೇಸರದ ಕೆಲಸವನ್ನೂ ಪೂರ್ತಿ ಮಾಡಿದ್ದು, ಬೇರೆ ಊರಿನವರ ಜೊತೆ ಕೋಣೆ ಹಂಚಿಕೊಂಡದ್ದು. ಯಾವ ಪ್ರಶ್ನೆ ಬಂದರೂ ಇವುಗಳಲ್ಲಿ ಒಂದು ಹೊಂದುತ್ತದೆ.

‘ಹೀಗಾದರೆ ಏನು ಮಾಡುತ್ತೀರಿ’ ಎನ್ನುವ ಪ್ರಶ್ನೆಗಳೂ ಬರುತ್ತವೆ. ಜನಪ್ರಿಯವಾದದ್ದು ಎತ್ತರದ ಪ್ರಶ್ನೆ. ರೈಡಿನ ಬಾಗಿಲಲ್ಲಿ ಅಳತೆಯ ಗೆರೆ ಇರುತ್ತದೆ. ಮಗು ಗೆರೆಗಿಂತ ಒಂದಂಗುಲ ಕಡಿಮೆ. ಒಂದು ಗಂಟೆ ಸಾಲಿನಲ್ಲಿ ನಿಂತು ಬಂದಿದ್ದಾರೆ. ಅಪ್ಪ ಬೇಡಿಕೊಳ್ಳುತ್ತಾನೆ, ಮಗು ಅಳುತ್ತದೆ. ನಮ್ಮ ಕಡೆಯವರ ಮನಸ್ಸು ಮೆತ್ತಗೆ, ‘ಹೋಗಲಿ, ಒಂದು ಸಲ ಬಿಡುತ್ತೇನೆ’ ಎಂದುಬಿಡುತ್ತಾರೆ. ಕೆಲಸ ತಪ್ಪುವುದೇ ಅಲ್ಲಿ. ಬಿಡುವಂತಿಲ್ಲ. ಸೀಟಿನ ಪಟ್ಟಿ ಆ ಮಗುವಿಗೆ ಸರಿ ಕೂರುವುದಿಲ್ಲ, ಜೀವದ ಪ್ರಶ್ನೆ. ಆದರೆ ‘ಆಗಲ್ಲ’ ಎಂದು ಮುಖ ತಿರುಗಿಸುವುದೂ ತಪ್ಪು. ಕಾರಣ ಹೇಳಿ, ಮಗುವಿನ ಹತ್ತಿರ ಬಗ್ಗಿ ಮಾತಾಡಿ, ಅದರ ಎತ್ತರಕ್ಕೆ ಸರಿಯಾದ ಬೇರೆ ರೈಡ್ ತೋರಿಸಿ, ಆಗಲೂ ಕೇಳದಿದ್ದರೆ ಮೇಲಿನವರನ್ನು ಕರೆಯಿರಿ. ಡಿಸ್ನಿಯಲ್ಲಿ ಕೆಲಸಗಾರರಿಗೆ ಕಲಿಸುವ ಸೂತ್ರಗಳಲ್ಲಿ ಮೊದಲನೆಯದು ಸುರಕ್ಷತೆ, ಆಮೇಲೆ ಸೌಜನ್ಯ, ದಕ್ಷತೆ ಕೊನೆಗೆ. ಬೇರೆ ಪಾರ್ಕಿನವರಿಗೆ ಉತ್ತರಿಸುವಾಗಲೂ ಇದೇ ಅನುಕ್ರಮ ಮನಸ್ಸಿನಲ್ಲಿರಲಿ.

ಕೊನೆಗೆ ‘ನಿಮ್ಮದೇನಾದರೂ ಪ್ರಶ್ನೆ ಇದೆಯಾ’ ಎನ್ನುತ್ತಾರೆ. ಸುಮ್ನೆ ಕೂರಬೇಡಿ. ವಾರಕ್ಕೆ ಎಷ್ಟು ಗಂಟೆ ಕೆಲಸ, ವಸತಿ ಪಾರ್ಕಿನಿಂದ ಎಷ್ಟು ದೂರ, ಹೋಗಿಬರಲು ಬಸ್ಸಿದೆಯಾ ಎಂದು ಕೇಳಿ. ಇವು ನಿಮಗೆ ನಿಜವಾಗಿಯೂ ಬೇಕಾದ ವಿಷಯಗಳು.

ನಾನು ಕನ್ನಡ ಮಾಧ್ಯಮ. ಇಂಗ್ಲಿಷ್ ಅಷ್ಟಕ್ಕಷ್ಟೇ.

ನಾನೂ ಕನ್ನಡ ಮಾಧ್ಯಮವೇ. ವ್ಯಾಕರಣ ತಪ್ಪಾದರೆ ಅವರು ತಲೆ ಕೆಡಿಸಿಕೊಳ್ಳುವುದಿಲ್ಲ. ಹೇಳಿದ್ದು ಅರ್ಥವಾಗದೆ ‘ಯೆಸ್, ಯೆಸ್’ ಅನ್ನುವವರನ್ನು ಮಾತ್ರ ತೆಗೆದುಕೊಳ್ಳುವುದಿಲ್ಲ. ರೈಡಿನ ಹತ್ತಿರ ಅರ್ಥವಾಗದೆ ತಲೆಯಾಡಿಸಿದರೆ ಅಪಾಯ ಅಲ್ವಾ? ಅರ್ಥವಾಗದಿದ್ದರೆ ‘ಕುಡ್ ಯು ರಿಪೀಟ್ ದಟ್, ಪ್ಲೀಸ್’ ಎಂದು ಕೇಳಿ. ನಿಧಾನಕ್ಕೆ ಮಾತಾಡಿ. ಎರಡು ತಿಂಗಳು ದಿನಾ ಇಪ್ಪತ್ತು ನಿಮಿಷ ಗೆಳೆಯರ ಜೊತೆ ಇಂಗ್ಲಿಷಿನಲ್ಲೇ ಮಾತಾಡಿದರೆ ನಾಲಿಗೆ ಹೊರಳುತ್ತದೆ. ಇನ್ನೊಂದು ವಿಷಯ: ಒಪ್ಪಿಗೆ ಎನ್ನಲು ನಾವು ತಲೆಯನ್ನು ಅತ್ತಿತ್ತ ತೂಗುತ್ತೇವೆ, ಅದು ಅವರಿಗೆ ತಿಳಿಯುವುದಿಲ್ಲ. ಬಾಯಿಬಿಟ್ಟು ಹೇಳಿ.

ನಮ್ಮೂರಲ್ಲಿ ನೆಟ್‌ವರ್ಕ್ ಇಲ್ಲ, ಕರೆಂಟೂ ನಂಬುವ ಹಾಗಿಲ್ಲ.

ಹಾಗಾದರೆ ಮನೆಯಲ್ಲಿ ಕೂರಲೇಬೇಡಿ. ಹಿಂದಿನ ದಿನವೇ ಶಿರಸಿಯಲ್ಲೋ ಕುಮಟಾದಲ್ಲೋ ನೆಂಟರ ಮನೆಗೆ ಹೋಗಿ. ಗುಡ್ಡ ಹತ್ತಿ ಸಿಗ್ನಲ್ ಹುಡುಕಿ ಸಂದರ್ಶನ ಕೊಟ್ಟವರನ್ನು ನೋಡಿದ್ದೇನೆ, ಗಾಳಿಯ ಸದ್ದಿಗೆ ಏನೂ ಕೇಳುವುದಿಲ್ಲ. ಬೆಳಕು ಮುಖದ ಮೇಲೆ ಬೀಳಲಿ, ಕಿಟಕಿಗೆ ಬೆನ್ನು ಹಾಕಬೇಡಿ. ಫೋನಿನ ಹಾಟ್‌ಸ್ಪಾಟ್ ಸಿದ್ಧವಿರಲಿ.

ಸಮಯದ ಲೆಕ್ಕ ಸರಿಯಾಗಿ ಹಾಕಿ. ಅಮೆರಿಕದ ಪೂರ್ವ ಭಾಗ ಚಳಿಗಾಲದಲ್ಲಿ ನಮಗಿಂತ ಹತ್ತೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಹಿಂದೆ. ಜನವರಿಯಲ್ಲಿ ಅವರ ಬೆಳಗ್ಗೆ 10 ಗಂಟೆ ಅಂದರೆ ಕಾರವಾರದಲ್ಲಿ ರಾತ್ರಿ ಎಂಟೂವರೆ. ಊಟದ ಹೊತ್ತು, ಮನೆಯಲ್ಲಿ ಟಿವಿ ಜೋರು. ಮೊದಲೇ ಹೇಳಿಡಿ.

ಗೊಂಬೆ ವೇಷ ಹಾಕುವ ಕೆಲಸ ಸಿಗುತ್ತದಾ?

ದೊಡ್ಡ ಪಾರ್ಕುಗಳಲ್ಲಿ ಅದಕ್ಕೆ ಬೇರೆಯೇ ಆಯ್ಕೆ ಇರುತ್ತದೆ. ಎತ್ತರ ನೋಡುತ್ತಾರೆ, ಅಭಿನಯ ನೋಡುತ್ತಾರೆ. ಡಿಸ್ನಿಯಲ್ಲಿ ಕೆಲಸಗಾರರನ್ನೆಲ್ಲ ಕಾಸ್ಟ್ ಮೆಂಬರ್, ಅಂದರೆ ಪಾತ್ರಧಾರಿ ಎಂದೇ ಕರೆಯುತ್ತಾರೆ. ಜನ ಓಡಾಡುವ ಜಾಗಕ್ಕೆ ಆನ್ ಸ್ಟೇಜ್, ಒಳಗಿನ ಜಾಗಕ್ಕೆ ಬ್ಯಾಕ್ ಸ್ಟೇಜ್ ಎನ್ನುತ್ತಾರೆ. ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚೌಕಿಯಲ್ಲಿ ಚಹಾ ಕುಡಿಯುತ್ತ ಹರಟಬಹುದು, ರಂಗಸ್ಥಳಕ್ಕೆ ಬಂದ ಮೇಲೆ ವೇಷ ವೇಷವೇ. ಕಸ ಗುಡಿಸುವವರಿಗೂ ಅಲ್ಲಿ ಇದೇ ನಿಯಮ.

ವೀಸಾ ಸಂದರ್ಶನ ಎಲ್ಲಿ, ಹೇಗೆ?

ಸ್ಪಾನ್ಸರ್ ನಿಮಗೆ ಡಿಎಸ್-2019 ಎನ್ನುವ ಫಾರ್ಮ್, ಅಂದರೆ ಕಾರ್ಯಕ್ರಮಕ್ಕೆ ನೀವು ಅರ್ಹರು ಎನ್ನುವ ಪತ್ರ, ಕಳಿಸುತ್ತಾರೆ. ಆಮೇಲೆ ಡಿಎಸ್-160 ಆನ್‌ಲೈನ್ ಅರ್ಜಿ ತುಂಬಬೇಕು. ಅದರಲ್ಲಿ ಕಳೆದ 5 ವರ್ಷ ಬಳಸಿದ ಸೋಶಿಯಲ್ ಮೀಡಿಯಾ ಖಾತೆಗಳನ್ನು ಕೇಳುತ್ತಾರೆ. 2025ರ ಜೂನ್‌ನಿಂದ ಜೆ ವೀಸಾದವರು ತಮ್ಮ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು ಎಂದೂ ಹೇಳಿದ್ದಾರೆ.

ನಮ್ಮ ಜಿಲ್ಲೆಯವರು ಚೆನ್ನೈ, ಹೈದರಾಬಾದ್, ಮುಂಬೈ ದೂತಾವಾಸಗಳಲ್ಲಿ ದಿನ ಸಿಕ್ಕ ಕಡೆ ಹೋಗಬಹುದು. ಕರಾವಳಿಯವರಿಗೆ ಕೊಂಕಣ ರೈಲಿನಲ್ಲಿ ಮುಂಬೈ ಸಲೀಸು. ಮಳೆಗಾಲವಾದರೆ ಒಂದು ದಿನ ಮೊದಲೇ ತಲುಪಿ.

ಮಾತುಕತೆ ಎರಡು ಮೂರು ನಿಮಿಷ, ಅಷ್ಟೇ. ಏನು ಓದುತ್ತೀರಿ, ಎಲ್ಲಿ ಕೆಲಸ, ಯಾವಾಗ ವಾಪಸ್, ಖರ್ಚು ಯಾರದ್ದು? ಅಮೆರಿಕದ ಕಾನೂನಿನ 214(ಬಿ) ಕಲಮಿನ ಪ್ರಕಾರ, ನೀವು ವಾಪಸ್ ಬರುತ್ತೀರಿ ಎಂದು ನೀವೇ ಮನವರಿಕೆ ಮಾಡಬೇಕು. ಇನ್ನೂ ಯಾವ ಸೆಮಿಸ್ಟರ್ ಬಾಕಿ ಇದೆ, ಮುಂದೆ ಏನು ಮಾಡಬೇಕೆಂದಿದ್ದೀರಿ ಎಂದು ನೇರವಾಗಿ ಹೇಳಿ. ಕಡತ ತುಂಬ ಕಾಗದ ಒಯ್ದಿರುತ್ತೀರಿ, ಅವರು ಒಂದನ್ನೂ ನೋಡದೆ ಇರಬಹುದು. ಅದಕ್ಕೆ ಗಾಬರಿ ಬೇಡ.

ಖರ್ಚೆಷ್ಟು, ಉಳಿಯುವುದೆಷ್ಟು?

ಸ್ಪಾನ್ಸರ್ ಶುಲ್ಕ, ವೀಸಾ ಶುಲ್ಕ 185 ಡಾಲರ್, ಸೆವಿಸ್ (ಹೊರದೇಶದ ವಿದ್ಯಾರ್ಥಿಗಳ ದಾಖಲೆ ಇಡುವ ಸರ್ಕಾರಿ ವ್ಯವಸ್ಥೆ) ಶುಲ್ಕ 35 ಡಾಲರ್, ವಿಮಾನ, ವಿಮೆ. ಶುಲ್ಕಗಳು ಬದಲಾಗುತ್ತಿರುತ್ತವೆ, ಕಟ್ಟುವ ದಿನ ಸರ್ಕಾರಿ ವೆಬ್‌ಸೈಟಿನಲ್ಲೇ ನೋಡಿ. ವಿಮೆ ಒಂದೊಂದು ಕಾಯಿಲೆಗೆ ಅಥವಾ ಅಪಘಾತಕ್ಕೆ ಕನಿಷ್ಠ 1 ಲಕ್ಷ ಡಾಲರ್ ಕೊಡುವಂಥದ್ದಾಗಿರಬೇಕು ಎನ್ನುವುದು ನಿಯಮ.

ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ 2009ರಿಂದಲೂ ಗಂಟೆಗೆ 7.25 ಡಾಲರ್. ರಾಜ್ಯದ ಕೂಲಿ ಜಾಸ್ತಿ ಇದ್ದರೆ ಅದನ್ನೇ ಕೊಡಬೇಕು. ಫ್ಲೋರಿಡಾದಲ್ಲಿ 2025ರ ಸೆಪ್ಟೆಂಬರ್ 30ರಿಂದ 14 ಡಾಲರ್. ಇದರಲ್ಲಿ ಬಾಡಿಗೆ ಕಳೆಯಿರಿ, ಊಟ ಕಳೆಯಿರಿ, ಆದಾಯ ತೆರಿಗೆ ಕಳೆಯಿರಿ. ಸೋಶಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ತೆರಿಗೆ (ಅಲ್ಲಿನವರ ಪಿಂಚಣಿ, ವೃದ್ಧರ ಆರೋಗ್ಯ ವಿಮೆಗೆ ಹಿಡಿಯುವುದು) ಮಾತ್ರ ನಿಮ್ಮಂಥವರಿಗೆ ಇಲ್ಲ, ಸಂಬಳದ ಚೀಟಿಯಲ್ಲಿ ಹಿಡಿದಿದ್ದರೆ ಕೇಳಿ. ಓವರ್‌ಟೈಮ್ ನಂಬಿಕೊಂಡು ಲೆಕ್ಕ ಹಾಕಬೇಡಿ. ವರ್ಷದಲ್ಲಿ 7 ತಿಂಗಳು ಅಥವಾ ಅದಕ್ಕಿಂತ ಕಡಿಮೆ ತೆರೆದಿರುವ ಪಾರ್ಕುಗಳಿಗೆ ಕೇಂದ್ರದ ಓವರ್‌ಟೈಮ್ ಕಾನೂನಿನಿಂದ ವಿನಾಯಿತಿ ಇದೆ.

ನೇರವಾಗಿ ಹೇಳುತ್ತೇನೆ, ದುಡ್ಡು ಮಾಡಲು ಹೋಗುವ ಜಾಗ ಇದಲ್ಲ. ಹಾಕಿದ್ದು ವಾಪಸ್ ಬಂದರೆ ಸಂತೋಷಪಡಿ. ತೋಟ ಅಡ ಇಟ್ಟು ಸಾಲ ಮಾಡಿ ಹೋಗುವುದಾದರೆ ಬೇಡವೇ ಬೇಡ.

ಅಲ್ಲಿ ತೊಂದರೆಯಾದರೆ ಯಾರಿಗೆ ಹೇಳುವುದು?

ಮೊದಲು ಸ್ಪಾನ್ಸರ್‌ಗೆ. ನೀವು ಹೋಗಿ 10 ದಿನದೊಳಗೆ ವಿಳಾಸ ತಿಳಿಸಬೇಕು, ಅವರೂ ತಿಂಗಳಿಗೊಮ್ಮೆ ವಿಚಾರಿಸಬೇಕು. ಅವರು ಕೇಳದಿದ್ದರೆ ವಿದೇಶಾಂಗ ಇಲಾಖೆಯ ಜೆ-1 ಸಹಾಯವಾಣಿ 1-866-283-9090. ಪಾಸ್‌ಪೋರ್ಟ್ ನಿಮ್ಮ ಹತ್ತಿರವೇ ಇರಬೇಕು. ಮಾಲೀಕರು ಇಟ್ಟುಕೊಳ್ಳುತ್ತೇನೆ ಎಂದರೆ ಕೊಡಬೇಡಿ, ಅದು ಅಲ್ಲಿ ಅಪರಾಧ.

ಮನೆಯಲ್ಲಿ ಒಪ್ಪುತ್ತಿಲ್ಲ, ಅದರಲ್ಲೂ ನಾನು ಹುಡುಗಿ.

ನನ್ನ ಆಯಿ ಮೂರು ತಿಂಗಳು ಮಾತಾಡಲಿಲ್ಲ. ವಾದ ಮಾಡಿ ಗೆಲ್ಲಲು ಆಗಲಿಲ್ಲ. ಕೊನೆಗೆ ಕೆಲಸದ ಪತ್ರ, ವಸತಿಯ ವಿಳಾಸ, ಸ್ಪಾನ್ಸರ್ ಫೋನ್ ನಂಬರ್, ವಿಮೆ, ವಾಪಸ್ ಟಿಕೆಟ್ ಎಲ್ಲವನ್ನೂ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿದೆ. ಅಪ್ಪಯ್ಯ ದಿನಾ ಓದಿದರು. ಒಂದು ವಾರ ಬಿಟ್ಟು, ಅಲ್ಲಿ ಚಳಿ ಇರುತ್ತದಾ ಎಂದು ಆಯಿಯೇ ಕೇಳಿದರು. ಅವರ ಭಯ ಸುಳ್ಳಲ್ಲ. ಅದಕ್ಕೆ ಉತ್ತರ ಕೊಡುವಷ್ಟು ವಿವರ ನಿಮ್ಮ ಕೈಯಲ್ಲಿರಬೇಕು.

ಸಸ್ಯಾಹಾರಿಗಳಿಗೆ ಊಟ?

ಅನ್ನ, ಬೇಳೆ, ತರಕಾರಿ ಎಲ್ಲಾ ಕಡೆ ಸಿಗುತ್ತದೆ, ಅಡುಗೆ ಕಲಿತು ಹೋಗಿ. ಅಪ್ಪೆಮಿಡಿ ಉಪ್ಪಿನಕಾಯಿಯಿಂದ ಒಣಮೀನಿನವರೆಗೆ ಏನೇ ಒಯ್ದರೂ ಕಸ್ಟಮ್ಸ್‌ನಲ್ಲಿ ಬಾಯಿಬಿಟ್ಟು ಹೇಳಬೇಕು. ಮುಚ್ಚಿಟ್ಟರೆ ದಂಡ.

ಕೆಲಸ ಮುಗಿದ ಮೇಲೆ ಅಲ್ಲೇ ಸ್ವಲ್ಪ ದಿನ ಇರಬಹುದಾ?

ಡಿಎಸ್-2019ರಲ್ಲಿ ಬರೆದ ಕೊನೆಯ ದಿನದಿಂದ 30 ದಿನ ತಿರುಗಾಡಬಹುದು, ಆದರೆ ಆ ದಿನಗಳಲ್ಲಿ ಒಂದು ಗಂಟೆಯೂ ಕೆಲಸ ಮಾಡುವಂತಿಲ್ಲ. ನಾನು ಹತ್ತು ದಿನ ತಿರುಗಿದೆ. ಕಾಲೇಜು ಶುರುವಾಗುವ ದಿನ ನೋಡಿಕೊಂಡೇ ಟಿಕೆಟ್ ತೆಗೆಯಿರಿ. ಓದು ಮುಗಿದಿರದಿದ್ದರೆ ಮುಂದಿನ ಬೇಸಿಗೆಗೆ ಮತ್ತೆ ಅರ್ಜಿ ಹಾಕಬಹುದು.